ನೆಂದ ಮೇಲಿನ ತೂಕ

೨೦೧೯ರ ಜೂನ್ ಹದಿಮೂರು, ಗುರುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಅವಳು ಹೊಸ ಬೆನ್ನುಚೀಲವನ್ನು ಬಚ್ಚಲುಮನೆಯ ಷವರಿನ ಕೆಳಗೆ ನಿಲ್ಲಿಸಿ, ನಲ್ಲಿ ತಿರುಗಿಸಿ, ಕೈಗಡಿಯಾರ ನೋಡಿಕೊಂಡಳು. ಹತ್ತು ನಿಮಿಷ. ಮೊದಲ ಒಂದು ನಿಮಿಷ ಚೀಲ ನೀರನ್ನು ಒಳಗೆ ಬಿಟ್ಟುಕೊಳ್ಳದೆ ಹನಿಹನಿಯಾಗಿ ಉರುಳಿಸಿಬಿಟ್ಟಿತು. ಅಂಗಡಿಯವನು ಹೇಳಿದ್ದು ಸುಳ್ಳಲ್ಲ ಎಂದು ಅವಳಿಗೆ ಸಮಾಧಾನವಾಯಿತು. ಎರಡನೆಯ ನಿಮಿಷದಲ್ಲಿ ಹೊಲಿಗೆಗಳು ಕಪ್ಪಾದವು. ನಾಲ್ಕನೆಯದರಲ್ಲಿ ಭುಜದ ಪಟ್ಟಿಗಳು ನೀರು ಕುಡಿದು ದಪ್ಪಗಾದವು. ನೀರು ಎಲ್ಲಿ ಮೊದಲು ಒಳಗೆ ಹೋಗುತ್ತದೆ, ಎಲ್ಲಿ ತಡವಾಗಿ ಹೋಗುತ್ತದೆ ಎಂಬುದನ್ನು ಅವಳು ಬಾಗಿಲಿಗೆ ಒರಗಿ ನಿಂತು, ಹೊಸ ಸೊಸೆಯ ನಡವಳಿಕೆಯನ್ನು ಅತ್ತೆ ಗಮನಿಸುವಷ್ಟು ಶ್ರದ್ಧೆಯಿಂದ ಗಮನಿಸಿದಳು. ಇದೆಲ್ಲ ಆದದ್ದು ನಿನ್ನೆ ಸಂಜೆ ತಂಗಿಗೆ ಫೋನು ಮಾಡಿ, ಎರಡು ವಾರದಿಂದ ಅಳೆದು ತೂಗಿ ಕೂಡಿಸಿದ ಮೊತ್ತವನ್ನು ಹೆಮ್ಮೆಯಿಂದ ಒಪ್ಪಿಸಿದ್ದರಿಂದ. ಚೀಲ, ಮಲಗುವ ಚೀಲ, ಗುಡಾರದಲ್ಲಿ ತನ್ನ ಪಾಲಿನ ಬಟ್ಟೆ, ಮಳೆಯಂಗಿ, ನಾಲ್ಕು ದಿನದ ಬಿಸ್ಕತ್ತು, ಒಣಹಣ್ಣು, ಕಾಲುಚೀಲ ಮೂರು ಜೊತೆ, ಎಲ್ಲ ಸೇರಿ ಎಂಟು ಕಿಲೋ ಏಳುನೂರ ನಲವತ್ತೆರಡು ಗ್ರಾಂ. ತಂಗಿ ಆ ಕಡೆಯಿಂದ ಏನನ್ನೋ ಅಗಿಯುತ್ತಾ, "ಒಣಗಿದ್ದಾಗ ಎಷ್ಟು ಅಂತ ಬೆಟ್ಟ ಕೇಳಲ್ಲ ಕಣೇ ಅಕ್ಕ. ನೆಂದ ಮೇಲೆ ಎಷ್ಟು?" ಎಂದಳು. ಇಪ್ಪತ್ತಾರು ವರ್ಷ ತೂಕದ ಕೆಲಸ ಮಾಡಿದವಳಿಗೆ, ವಸ್ತು ಒದ್ದೆಯಾಗುತ್ತದೆ ಎಂಬುದು ಹೊಳೆದಿರಲಿಲ್ಲ. "ನೆಂದ ಮೇಲೆ ಹತ್ತು ಕಿಲೋ ದಾಟಬಾರದು. ದಾಟಿದ್ರೆ ನಾನೊಬ್ಬಳೇ ಹೋಗ್ತೀನಿ, ನೀನು ಮನೇಲಿ ಬೆಚ್ಚಗಿರು. ನಾಳೆ ಸಂಜೆ ಬಂದು ನೋಡ್ತೀನಿ," ಎಂದು ತಂಗಿ ಫೋನಿಟ್ಟಿದ್ದಳು. ಅಕ್ಕತಂಗಿಯರು ಗುಡ್ಡಸಾಲಿನ ನಾಲ್ಕು ದಿನದ ನಡಿಗೆಗೆ ಹೊರಡುವುದು ಶುಕ್ರವಾರ ಬೆಳಗಿನ ಬಸ್ಸಿಗೆ.

ಏಳನೆಯ ನಿಮಿಷಕ್ಕೆ ಗಂಡ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದ. ಅವನದು ಕನ್ನಡಕದ ಅಂಗಡಿ. ಜಗತ್ತಿನಲ್ಲಿ ಯಾವುದನ್ನು ಕಂಡರೂ ಇನ್ನೊಮ್ಮೆ ಸರಿಯಾಗಿ ನೋಡುವ ಅಭ್ಯಾಸ. ಒಳಗೆ ಇಣುಕಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, "ಚೀಲಕ್ಕೆ ಸ್ನಾನಾನಾ? ಬೆನ್ನು ಉಜ್ಜಿಕೊಡ್ಲಾ?" ಎಂದ.

"ಇನ್ನು ಮೂರು ನಿಮಿಷ ಮಾತಾಡ್ಬೇಡಿ."

"ಸೋಪು ಹಾಕಲ್ವಾ?"

ಹಾಕಿದ್ದಳು, ಅರ್ಧ ಸೋಪು ಚೀಲದೊಳಗಿತ್ತು. ಸೋಪು ಅರ್ಧ, ಬಾಚಣಿಗೆ ಅರ್ಧ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಕಳೆದ ಭಾನುವಾರ ಗರಗಸದಿಂದ ಕತ್ತರಿಸಿ ಏಳು ಗ್ರಾಂ ಉಳಿಸಿದಾಗ ಇದೇ ಗಂಡ, "ಹಲ್ಲೂ ಅರ್ಧ ಇಲ್ಲೇ ಬಿಟ್ಟು ಹೋಗು, ನಾನು ನೋಡ್ಕೋತೀನಿ," ಎಂದಿದ್ದ. ಅವನ ತಮಾಷೆಗಳಲ್ಲಿ ಕೆಡುಕಿಲ್ಲ. ಆದರೆ ನಗುವ ಮೊದಲು ಅವನು ಅವಳ ಮುಖವನ್ನು ಒಂದು ಕ್ಷಣ ಹೆಚ್ಚಾಗಿ ನೋಡಿದಾಗ ಅವಳು ಬೇರೆ ಕಡೆ ತಿರುಗಿಕೊಳ್ಳುತ್ತಿದ್ದಳು. ಮಂಗಳವಾರ ಬೆಳಿಗ್ಗೆ ಅವನು ಅವಳನ್ನು ನಿಲುವುಗನ್ನಡಿಯ ಮುಂದೆ ಹಿಡಿದಿದ್ದ. ಅವಳು ಕುಂಟುತ್ತಿದ್ದಳು. ಎಡಗಾಲು ಊರಿ ಎರಡು ಹೆಜ್ಜೆ, ಮುಖ ಕಿವುಚಿ ನಿಂತು, ಮತ್ತೆ ಎರಡು ಹೆಜ್ಜೆ. "ಏನಾಯ್ತೇ?" ಎಂದು ಅವನು ಗಾಬರಿಯಾದಾಗ "ಏನಿಲ್ಲ, ಬೂಟು ಪಳಗಿಸ್ತಿದ್ದೆ," ಎಂದಳು. ಕಾಲಲ್ಲಿ ಬೂಟಿರಲಿಲ್ಲ. ಅವನು ಅದನ್ನು ಕಂಡಿರಬೇಕು. ಅವನ ಕಸುಬೇ ಅದು. ಏನೂ ಅನ್ನದೆ ಅಂಗಡಿಗೆ ಹೊರಟುಹೋದ. ಆ ಮೌನವನ್ನು ಯಾವ ಲೆಕ್ಕಕ್ಕೆ ಸೇರಿಸುವುದೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ. ಗುಡ್ಡಸಾಲಿನ ದಾರಿ ಎರಡನೆಯ ದಿನ ಮಧ್ಯಾಹ್ನ ಒಂದು ಡಾಂಬರು ರಸ್ತೆಯನ್ನು ದಾಟುತ್ತದೆ. ಅಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಒಂದು ಬಸ್ಸು ನಿಲ್ಲುತ್ತದೆ. ಸೋಮವಾರ ಕೆಲಸ ಮುಗಿಸಿ ಬರುವಾಗ ಅವಳು ಆ ಬಸ್ಸಿಗೆ ಒಂದು ಟಿಕೆಟ್ಟು ತೆಗೆದಿದ್ದಳು. ಕಿಟಕಿ ಪಕ್ಕದ ಸೀಟು. ಟಿಕೆಟ್ಟು ಕೊಡುವಾಕೆ "ಒಬ್ಬರೇನಾ?" ಎಂದು ಕೇಳಿದಾಗ ಕೊಲೆಗಾತಿಯ ಹಾಗೆ ಹಿಂದೆ ತಿರುಗಿ ನೋಡಿ, "ಒಬ್ಬಳೇ," ಎಂದಿದ್ದಳು.

ಹತ್ತು ನಿಮಿಷ ನೆನೆದು ಒಂದು ನಿಮಿಷ ಸೋರಿದ ಚೀಲವನ್ನು ಹೊತ್ತು ಅವಳು ಬಚ್ಚಲಿನ ತೂಕದ ಯಂತ್ರದ ಮೇಲೆ ನಿಂತಳು. ಚೀಲದೊಡನೆ ಐದು ಸಲ, ಚೀಲವಿಲ್ಲದೆ ಐದು ಸಲ. ಸರಾಸರಿ ಹತ್ತು ಕಿಲೋ ನಾನೂರು. ಚೀಲ ಬಿಚ್ಚಿ ಒಂದು ಸ್ವೆಟರು, ಎರಡನೆಯ ಟಾರ್ಚು, ಓದುವುದಿಲ್ಲವೆಂದು ಗೊತ್ತಿದ್ದೂ ಇಟ್ಟಿದ್ದ ಪುಸ್ತಕ, ಮೂರನೆಯ ಜೊತೆ ಕಾಲುಚೀಲ ತೆಗೆದಳು. ಪುಸ್ತಕವೊಂದೇ ನೀರು ಕುಡಿದು ಬಸುರಿಯಾಗಿತ್ತು. ಈಗ ಒಂಬತ್ತು ಕಿಲೋ ಒಂಬೈನೂರು. ಆದರೆ ಆ ಯಂತ್ರವನ್ನು ಅವಳು ನಂಬಳು. ಅದು ನೂರು ಗ್ರಾಮಿಗಿಂತ ಕಡಿಮೆ ತೋರಿಸದು, ಮೂಲೆಯಲ್ಲಿ ನಿಂತರೆ ಒಂದು, ನಡುವೆ ನಿಂತರೆ ಇನ್ನೊಂದು. ಬಂದ ನೆಂಟರನ್ನೆಲ್ಲ ಖುಷಿಪಡಿಸುವ ಬಾಯಿಬಡುಕ ಯಂತ್ರ. ಒಂಬತ್ತು ಒಂಬೈನೂರು ಎಂದರೆ ಒಂಬತ್ತು ಆರುನೂರು ಇರಬಹುದು, ಹತ್ತು ಇನ್ನೂರೂ ಇರಬಹುದು. ನಿಜವನ್ನು ಹೇಳಬಲ್ಲ ತಕ್ಕಡಿ ಈ ಊರಿನಲ್ಲಿ ಒಂದೇ ಒಂದು ಇತ್ತು. ಅದರ ಮುಂದೆ ಒದ್ದೆ ಚೀಲ ಇಡುವುದು ಹೋಗಲಿ, ಒದ್ದೆ ಕೈ ತೋರಿಸುವುದನ್ನೂ ಅವಳೇ ನಿಷೇಧಿಸಿದ್ದಳು.

ಕಚೇರಿಗೆ ಅವಳು ಚೀಲವನ್ನು ದೊಡ್ಡ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಹೊತ್ತುಕೊಂಡೇ ಹೋದಳು. ಯಾಕೆಂದು ಕೇಳಿದ್ದರೆ ಅಭ್ಯಾಸಕ್ಕೆ ಎನ್ನುತ್ತಿದ್ದಳು. ಆಕಾಶದ ಒಂದು ಬದಿ ತೊಳೆದ ತಟ್ಟೆಯಂತಿತ್ತು, ಇನ್ನೊಂದು ಬದಿ ತಳ ಹಿಡಿದ ಪಾತ್ರೆಯಂತೆ. ರೇಡಿಯೋ ನಾಲ್ಕು ದಿನ ಬಿಸಿಲೆಂದಿತ್ತು. ಗಂಡನ ಫೋನು ನಾಲ್ಕು ದಿನ ಮಳೆಯೆಂದಿತ್ತು. ತಂಗಿ, "ಅಲ್ಲಿ ಮೋಡ ಯಾರ ಮಾತೂ ಕೇಳಲ್ಲ, ನಿನ್ನ ಭಾವನ ಥರ," ಎಂದಿದ್ದಳು. ಭಾವ ಎಂದರೆ ತಂಗಿಯ ಗಂಡನಲ್ಲ, ಅವಳದೇ ಗಂಡ. ಬೈಯುವಾಗ ತಂಗಿಗೆ ಸಂಬಂಧಗಳ ದಿಕ್ಕು ತಪ್ಪುತ್ತಿತ್ತು. ಮೇಲುಸೇತುವೆಯ ಮೆಟ್ಟಿಲು ನಲವತ್ತೆಂಟು. ಮೂವತ್ತೊಂದನೆಯದರಲ್ಲಿ ಅವಳ ಉಸಿರು ಕಟ್ಟಿತು. ಕೈಯಲ್ಲಿ ತರಕಾರಿ ಚೀಲ ಹಿಡಿದ ಒಬ್ಬ ಮುದುಕಿ ಅವಳನ್ನು ದಾಟಿ ಹೋಗುತ್ತಾ, "ಊರು ಬಿಟ್ಟು ಹೋಗ್ತಿದೀಯೇನಮ್ಮಾ?" ಎಂದು ಕನಿಕರದಿಂದ ಕೇಳಿದಳು. "ಹೂಂ, ನಾಳೆ," ಎಂದಳು. ಹೇಳಿದ ಮೇಲೆ, ಅದು ನಿಜವಾಗಿಯೂ ನಾಳೆ ಎಂದು ಹೊಳೆದು, ಉಳಿದ ಹದಿನೇಳು ಮೆಟ್ಟಿಲನ್ನು ಯಾರೋ ಕೆಳಗಿನಿಂದ ಎತ್ತಿಕೊಟ್ಟಂತೆ ಹತ್ತಿಬಿಟ್ಟಳು.

ಅವಳ ಕೆಲಸ ತೂಕದ ಬಟ್ಟುಗಳ ತಪಾಸಣೆ. ಅಂಗಡಿ, ಔಷಧದ ಕಾರ್ಖಾನೆ, ಚಿನ್ನದ ಕೆಲಸದವರು ತಮ್ಮ ಬಟ್ಟುಗಳನ್ನು ತಂದರೆ, ಅವು ಎಷ್ಟು ಸವೆದಿವೆ ಎಂದು ಹೇಳಿ ಕಾಗದ ಕೊಡುವುದು. ಕಚೇರಿಯಲ್ಲಿ ಅವಳ ಹೆಸರು ಮಿಲಿಗ್ರಾಂ ಮೇಡಂ. ಅವಳಿಗೆ ಗೊತ್ತಿಲ್ಲವೆಂದು ಎಲ್ಲರೂ ತಿಳಿದಿದ್ದರು. ತಪಾಸಣೆಯ ಕೋಣೆಗೆ ಕಿಟಕಿಯಿಲ್ಲ. ಒಳಗೆ ಸದಾ ಇಪ್ಪತ್ತು ಡಿಗ್ರಿ, ಗಾಳಿಯ ತೇವ ಸದಾ ಶೇಕಡಾ ಐವತ್ತು. ಗಂಟೆಗೊಮ್ಮೆ ಎರಡನ್ನೂ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಪಕ್ಕದಲ್ಲಿ 'ವಿಶೇಷ' ಎಂಬ ಕಾಲಮ್ಮು. ಅದರಲ್ಲಿ ಇಪ್ಪತ್ತಾರು ವರ್ಷದಿಂದ 'ಇಲ್ಲ' ಎಂದು ಬರೆಯುತ್ತಾ ಬಂದಿದ್ದಳು. ಕೆಲಸಕ್ಕೆ ಸೇರಿದ ಮೇಲಿನ ತನ್ನ ಬದುಕಿನ ನಾಲ್ಕನೆಯ ಒಂದು ಭಾಗವನ್ನು ಹವಾಮಾನವೇ ಇಲ್ಲದ ಜಾಗದಲ್ಲಿ ಕಳೆದಿದ್ದೇನೆ ಎಂದು ಒಮ್ಮೆ ಲೆಕ್ಕ ಹಾಕಿದ್ದಳು. ಆಗ ಅದು ಹೆಮ್ಮೆಯ ಸಂಗತಿಯಾಗಿತ್ತು. ಹೊರಗೆ ಮಳೆ ಬಂದದ್ದು ಅವಳಿಗೆ ತಿಳಿಯುತ್ತಿದ್ದದ್ದು ಬಂದವರ ಬೂಟುಗಳಿಂದ. ಒದ್ದೆಯಾಗಿ ಬಂದವರು ಹೊರಕೋಣೆಯಲ್ಲಿ, ಫ್ಯಾನಿನ ಕೆಳಗೆ ಹಾಕಿದ್ದ ಕುರ್ಚಿಯಲ್ಲಿ ಒಣಗುವವರೆಗೆ ಕೂರಬೇಕು. ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. ಮೇಲಧಿಕಾರಿಯೊಬ್ಬರು ಒಮ್ಮೆ ಆ ಕುರ್ಚಿಯಲ್ಲಿ ಮುಕ್ಕಾಲು ಗಂಟೆ ಒಣಗಿ, ನೆಗಡಿ ಹಿಡಿಸಿಕೊಂಡು, ಒಳಗೆ ಬಂದ ಮೇಲೆ ಸೀನಿ, ಮತ್ತೆ ಹೊರಗೆ ಹೋಗಬೇಕಾಗಿ ಬಂದಿತ್ತು.

ಇವತ್ತು ಬೆಳಿಗ್ಗೆ ಬೆನ್ನುಚೀಲವನ್ನು ಅವಳು ಆ ಕುರ್ಚಿಯ ಮೇಲೆ ಕೂರಿಸಿದಳು. ಬಾಗಿಲ ಕಾವಲಿನವರು, ನಿವೃತ್ತಿಗೆ ಎರಡು ತಿಂಗಳಿದ್ದವರು, ಚೀಲವನ್ನೂ ಅದರಿಂದ ತೊಟ್ಟಿಕ್ಕಿದ ನೀರನ್ನೂ ನೋಡಿ, "ಇವರು ಯಾರು ಮೇಡಂ?" ಎಂದರು.

"ನನ್ನ ಜೊತೆ ಬಂದವರು. ಫ್ಯಾನ್ ಹಾಕ್ಬೇಡಿ. ಒಣಗಬಾರದು."

"ಒಣಗಬಾರದಾ?" ಅವರು ಸ್ವಿಚ್ಚಿನಿಂದ ಕೈ ತೆಗೆದು, ಅವಳನ್ನು ಹೊಸಬಳಂತೆ ನೋಡಿದರು. "ಈ ಮಾತು ನಿಮ್ಮ ಬಾಯಲ್ಲಿ ಕೇಳೋಕೆ ನಾನು ಇಷ್ಟು ವರ್ಷ ಬದುಕಿದ್ದೆ ನೋಡಿ."

ಹನ್ನೊಂದು ಗಂಟೆಗೆ ಅವಳು ಔಷಧದ ಕಾರ್ಖಾನೆಯ ಒಂದು ಕಿಲೋ ಬಟ್ಟನ್ನು ಚರ್ಮ ಸುತ್ತಿದ ಚಿಮಟದಲ್ಲಿ ಎತ್ತಿ ತಕ್ಕಡಿಯ ಮೇಲಿಟ್ಟು ಉಸಿರು ಬಿಗಿಹಿಡಿದಳು. ಪದ್ಧತಿ ಹೀಗೆ: ಮೊದಲು ಕಚೇರಿಯದೇ ಆದ ನಂಬಿಕೆಯ ಬಟ್ಟು, ಆಮೇಲೆ ಬಂದವರ ಬಟ್ಟು, ಮತ್ತೆ ಬಂದವರದು, ಕೊನೆಗೆ ಮತ್ತೆ ನಂಬಿಕೆಯದು. ತೂಗುತ್ತಾ ತೂಗುತ್ತಾ ತಕ್ಕಡಿಯೂ ತನಗರಿವಿಲ್ಲದೆ ಸ್ವಲ್ಪ ಜಾರುತ್ತಿರುತ್ತದೆ. ಕೊನೆಯಲ್ಲಿ ಮೊದಲಿನದಕ್ಕೆ ಹಿಂದಿರುಗಿ ನೋಡಿದರೆ ಮಾತ್ರ ಎಷ್ಟು ಜಾರಿತೆಂದು ತಿಳಿಯುತ್ತದೆ. ಅಂಕಿಗಳು ನಿಲ್ಲಲು ನಲವತ್ತು ಸೆಕೆಂಡು ಬೇಕು, ಆ ನಲವತ್ತು ಸೆಕೆಂಡಿನಲ್ಲಿ ಅವಳ ಮನಸ್ಸಿಗೆ ಮಾಡಲು ಬೇರೇನೂ ಕೆಲಸವಿರುವುದಿಲ್ಲ, ತಂಗಿ ಬಾಗಿಲ ಗಾಜಿನಾಚೆ ನಿಂತಿರುತ್ತಾಳೆ, ಹನ್ನೆರಡು ವರ್ಷದ ಹಿಂದಿನ ತಂಗಿ, ತಲೆಯಿಂದ ಕಾಲಿನವರೆಗೆ ನೆಂದು, ಕೆನ್ನೆಗೆ ಅಂಟಿದ ಕೂದಲು, ಮೊಣಕಾಲವರೆಗೆ ಕೆಸರು, ಬೆನ್ನಿಗೆ ಕೆಂಪು ಚೀಲ. ಮೊದಲನೆಯ ಸಲ ಗುಡ್ಡ ಹತ್ತಲು ಹೋಗಿ ನೇರ ಇಲ್ಲಿಗೇ ಬಂದಿದ್ದಳು. ಗಾಜಿಗೆ ಬಾಯಿ ಹತ್ತಿರ ತಂದು ಏನೋ ಹೇಳುತ್ತಿದ್ದಳು, ಗಾಜು ಮಂಜಾಗುತ್ತಿತ್ತು. ಇವಳು ಒಳಗಿನಿಂದ ಬೆರಳು ಮಾಡಿ ಕುರ್ಚಿ ತೋರಿಸಿದಳು. ತೂಕ ನಡೆಯುತ್ತಿತ್ತು, ನಾಲ್ಕರಲ್ಲಿ ಮೂರನೆಯದು. ನಾಲ್ಕನೆಯದು ಮುಗಿಸಿ ಬಾಗಿಲು ತೆರೆದಾಗ ಕುರ್ಚಿಯ ಮೇಲೆ ನೀರಿತ್ತು, ತಂಗಿಯಿರಲಿಲ್ಲ. ಏನು ಹೇಳಲು ಬಂದಿದ್ದಳು ಎಂದು ಆಮೇಲೆ ಅವಳು ಕೇಳಲಿಲ್ಲ. ಮೊದಲ ವಾರ ನಾಚಿಕೆಗೆ, ಮೊದಲ ವರ್ಷ ಹಟಕ್ಕೆ, ಆಮೇಲೆ ಕೇಳುವ ಹೊತ್ತು ಮೀರಿತೆಂದು. ಬೆಟ್ಟದ ತುದಿ ಮುಟ್ಟಿದ ಖುಷಿ ಹೇಳಲು ಬಂದಿರಬೇಕು. ಅಂಥ ಖುಷಿಗೆ ತಾನು ಒಂದು ಕುರ್ಚಿ ತೋರಿಸಿದೆ. ಈ ಸಲ ತಂಗಿಯ ಜೊತೆಗಾತಿ ಕೈಕೊಟ್ಟು, "ನೀನೇ ಬಾರೇ ಅಕ್ಕ," ಎಂದು ಆಕೆ ತಮಾಷೆಗೆ ಅಂದಾಗ, ಐವತ್ತಮೂರು ವರ್ಷದ ಇವಳು ತಟಕ್ಕನೆ "ಹೂಂ" ಎಂದದ್ದು ಆ ಕುರ್ಚಿಯ ಋಣಕ್ಕೇ. ಹೊಳೆಗಿಳಿದ ಮೇಲೆ ಚಳಿಯೇನು ಎಂದುಕೊಂಡಿದ್ದಳು. ಆಮೇಲೆ ಎರಡನೆಯ ದಿನವೇ ಹೊಳೆಯಿಂದ ಏಳಲು ಟಿಕೆಟ್ಟು ತೆಗೆದಳು. ಅಂಕಿಗಳು ನಿಂತವು. ಬರೆದುಕೊಂಡಳು. ಆಗಲೇ ಅವಳಿಗೆ ನೆನಪಾದದ್ದು: ಟಿಕೆಟ್ಟನ್ನು ಇಟ್ಟದ್ದು ಚೀಲದ ಮೇಲ್ಮುಚ್ಚಳದ ಒಳಜೇಬಿನಲ್ಲಿ. ಚೀಲವನ್ನು ಹತ್ತು ನಿಮಿಷ ಷವರಿನ ಕೆಳಗೆ ನಿಲ್ಲಿಸುವ ಮೊದಲು ಅದನ್ನು ತೆಗೆದಿರಲಿಲ್ಲ.

ಅವಳು ಯಾವುದನ್ನೂ ಮರೆಯುವವಳಲ್ಲ. ಅವಳು ಬರೆದಿಟ್ಟ ಸಾಮಾನಿನ ಪಟ್ಟಿಯಲ್ಲಿ ಸೂಜಿ ಇತ್ತು, ದಾರ ಇತ್ತು, ಎರಡೂ ಸೇರಿ ಒಂದೂವರೆ ಗ್ರಾಂ. ಟಿಕೆಟ್ಟು ಮಾತ್ರ ಪಟ್ಟಿಯಲ್ಲಿ ಇರಲಿಲ್ಲ. ಹೊರಗೆ ಓಡಿ ನೋಡೋಣವೆಂದರೆ ನಾಲ್ಕನೆಯ ತೂಕ ಬಾಕಿ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವಳ ಎದೆಬಡಿತ ತಕ್ಕಡಿಗೆ ಕೇಳಿಸಿತೇನೋ, ಅಂಕಿಗಳು ನಿಲ್ಲಲು ಎಂಬತ್ತು ಸೆಕೆಂಡು ತೆಗೆದುಕೊಂಡವು. ಆಮೇಲೂ ಅವಳು ಹೊರಗೆ ಹೋಗಲಿಲ್ಲ. ಟಿಕೆಟ್ಟು ಚೆನ್ನಾಗಿದ್ದರೆ ಏನು ಮಾಡಬೇಕೋ ಅದು ಅವಳಿಗೆ ಗೊತ್ತಿತ್ತು. ಹಾಳಾಗಿದ್ದರೆ ಹೋಗಿ ಇನ್ನೊಂದು ತೆಗೆಯುತ್ತೇನೆಯೇ ಎಂಬುದು ಗೊತ್ತಿರಲಿಲ್ಲ. ಗೊತ್ತಾಗದೆ ಇರುವುದೇ ಸದ್ಯಕ್ಕೆ ಹಿತವಾಗಿತ್ತು. ಮಧ್ಯಾಹ್ನ ಕಾರ್ಖಾನೆಯವನು ಬಟ್ಟು ಒಯ್ಯಲು ಬಂದ, ಕೊಡೆಯಿದ್ದೂ ಅರ್ಧ ನೆಂದಿದ್ದ. ಹೊರಕೋಣೆಯ ಕುರ್ಚಿಯಲ್ಲಿ ಚೀಲ ಕೂತಿರುವುದನ್ನು ಕಂಡು ಅದರ ಪಕ್ಕದಲ್ಲಿ ವಿಧೇಯನಾಗಿ ನಿಂತುಕೊಂಡ. "ಇವರದಾದ ಮೇಲೆ ನನ್ನದಾ?" ಎಂದು ಅವನು ಕಾವಲಿನವರನ್ನು ಕೇಳಿದ್ದು ಬಾಗಿಲ ಸಂದಿಯಿಂದ ಅವಳಿಗೆ ಕೇಳಿಸಿತು. ಅವಳು ಒಬ್ಬಳೇ ನಕ್ಕಳು. ನಕ್ಕಾಗ ಬಾಯಿಯ ಮುಂದೆ ಕೈ ಹಿಡಿದಳು, ಉಸಿರು ತಕ್ಕಡಿಗೆ ತಗಲಬಾರದೆಂದು.

ನಾಲ್ಕು ಗಂಟೆ ಮೂವತ್ತೈದು ನಿಮಿಷಕ್ಕೆ ತಂಗಿ ಬಂದಳು. ಆ ಹೊತ್ತಿಗೆ ದಿನದ ತೂಕ ಮುಗಿದು, ಬಟ್ಟುಗಳೆಲ್ಲ ಗಾಜಿನ ಗುಮ್ಮಟದೊಳಗೆ ಹೋಗಿ, ಕಪಾಟಿಗೆ ಬೀಗ ಬಿದ್ದಿತ್ತು. ಲಿಫ್ಟು ರಿಪೇರಿ ತಂಗಿಯ ಕಸುಬು. ವಾರವಿಡೀ ಊರಿನ ಜನರನ್ನು ಮೆಟ್ಟಿಲು ಹತ್ತದಂತೆ ಕಾಪಾಡಿ, ರಜೆ ಬಂದರೆ ತಾನು ಕಾಲಿನಲ್ಲೇ ಬೆಟ್ಟ ಹತ್ತುವವಳು. ನೀಲಿ ಅಂಗಿಯ ತುಂಬಾ ಗ್ರೀಸು, ಅದರ ಮೇಲೆ ಮಳೆ. ಕಟ್ಟಡದ ಮುಂದಿನ ರಸ್ತೆ ದಾಟುವಷ್ಟರಲ್ಲಿ ಸುರಿದದ್ದಂತೆ. ತಂಗಿ ಹೊರಕೋಣೆಯಲ್ಲಿ ನಿಂತು ತಲೆ ಕೊಡವಿದಳು. ಕುರ್ಚಿಯಲ್ಲಿ ಚೀಲ ಕಂಡು, "ಓಹೋ, ನನ್ನ ಜಾಗದಲ್ಲಿ ಇದನ್ನ ಕೂರಿಸಿದೀಯಾ?" ಎಂದಳು.

ನಗುತ್ತಲೇ ಅಂದದ್ದು. ಗಾಜಿನ ಬಾಗಿಲನ್ನು ಅರ್ಧ ತೆರೆದು ಹೊಸ್ತಿಲ ಒಳಗೆ ನಿಂತಿದ್ದ ಅವಳಿಗೆ ಅದು ಚುಚ್ಚಿತು.

"ನೆನೆಸಿ ತಂದಿದೀನಿ," ಎಂದಳು. "ಹತ್ತು ನಿಮಿಷ."

"ಯಾವುದರಲ್ಲಿ?"

"ಷವರಲ್ಲಿ."

ತಂಗಿ ಗೋಡೆ ಹಿಡಿದುಕೊಂಡು ನಕ್ಕಳು. ಕಾವಲಿನವರೂ ನಕ್ಕರು, ಬೆಳಗಿನಿಂದ ಅಪ್ಪಣೆಗಾಗಿ ಕಾಯುತ್ತಿದ್ದವರಂತೆ. "ಎಷ್ಟು ಬಂತು?" ಎಂದು ತಂಗಿ ಕಣ್ಣೊರೆಸಿಕೊಂಡಳು.

"ಮನೆ ಯಂತ್ರ ಒಂಬತ್ತು ಒಂಬೈನೂರು ಅಂತು. ಅದು ಸುಳ್ಳು ಹೇಳುತ್ತೆ."

"ನಿಜ ಹೇಳೋದು ಒಳಗಿದೆಯಲ್ಲ."

ಒಳಗಿತ್ತು. ಇಪ್ಪತ್ತು ಕಿಲೋವರೆಗೆ ತೂಗುವ ದೊಡ್ಡ ತಕ್ಕಡಿ, ಗೋಡೆಯ ಪಕ್ಕದಲ್ಲಿ. ಅವಳು ತಂಗಿಯ ಬೂಟುಗಳನ್ನು ನೋಡಿದಳು. ಸುತ್ತಲೂ ನೀರು ನಿಂತು ಸಣ್ಣ ಕೆರೆಯಾಗಿತ್ತು. ನಾಳೆಯಿಂದ ನಾಲ್ಕು ದಿನ ಈ ಕೋಣೆಗೆ ಬೀಗ. ತನ್ನಷ್ಟಕ್ಕೆ ತಾನು ಒಣಗಲು ಅದಕ್ಕೆ ಧಾರಾಳ ಸಮಯ. ಇದನ್ನೆಲ್ಲ ಅವಳು ಆಮೇಲೆ ಯೋಚಿಸಿದಳೋ ಮೊದಲೇ ಯೋಚಿಸಿದಳೋ, ಬಾಗಿಲು ಪೂರ್ತಿ ತೆರೆದಿತ್ತು, "ಬಾ," ಎಂದಿದ್ದಳು.

"ಒಣಗಿಕೊಂಡು ಬರ್ತೀನಿ ಬಿಡೇ."

"ಹಾಗೇ ಬಾ ಅಂದ್ನಲ್ಲ."

ಕಾವಲಿನವರು ಎದ್ದು ನಿಂತರು. ತಂಗಿ ಚೀಲ ಎತ್ತಿಕೊಂಡು, ಪರೀಕ್ಷೆಯ ಕೋಣೆಗೆ ತಡವಾಗಿ ಬಂದವಳಂತೆ ಬೆರಳ ತುದಿಯಲ್ಲಿ ನಡೆದು ಒಳಬಂದಳು. ಚೀಲ ತಕ್ಕಡಿಯ ಮೇಲೆ ಕೂತಿತು. ಇಬ್ಬರೂ ಉಸಿರು ಹಿಡಿದರು. ಉಸಿರು ಹಿಡಿಯುವ ಅಗತ್ಯ ಅಷ್ಟು ತೂಕಕ್ಕೆ ಇಲ್ಲವೆಂದು ಅವಳು ಹೇಳಲಿಲ್ಲ. ಬಾಗಿಲ ಮೇಲಿನ ಕೆಂಪು ದೀಪ, ಕೋಣೆಯ ತೇವ ಶೇಕಡಾ ಐವತ್ತೈದು ದಾಟಿದರೆ ಹೊತ್ತಿಕೊಳ್ಳುವಂಥದ್ದು, ಮೊದಲ ಬಾರಿಗೆ ಹೊತ್ತಿಕೊಂಡಿತು. ಅದು ಕೆಲಸ ಮಾಡುತ್ತದೆಯೇ ಎಂಬ ಅನುಮಾನ ಅವಳಿಗೆ ಬಹಳ ವರ್ಷದಿಂದ ಇತ್ತು.

ಅಂಕಿ ನಿಂತಿತು. ಹತ್ತು ಕಿಲೋ ಇನ್ನೂರ ಮೂವತ್ತಾರು ಗ್ರಾಂ.

ತಂಗಿ, ಏನಾದರೂ ತೆಗೆಯಲು ಸಿಕ್ಕೀತೇ ಎಂದು ಮೇಲ್ಮುಚ್ಚಳದ ಜಿಪ್ಪು ಎಳೆದು ಒಳಜೇಬಿಗೆ ಕೈ ಹಾಕಿದಳು. ಅವಳು ತಡೆಯಬಹುದಿತ್ತು, ತಡೆಯಲಿಲ್ಲ. ತಂಗಿಯ ಬೆರಳಿನಲ್ಲಿ ಬಂದದ್ದು ಒಂದು ಬೂದುಬಣ್ಣದ ಮುದ್ದೆ. ಬಿಡಿಸಿದಾಗ ನೀಲಿ ಶಾಯಿ ಹರಡಿಕೊಂಡ ನಡುವೆ ಒಂದೇ ಒಂದು ಅಂಕಿ ಉಳಿದಿತ್ತು, 3.20.

"ಇದೇನೇ ಅಕ್ಕ?"

"ಟಿಕೆಟ್ಟು." ಅವಳು ದೊಡ್ಡ ತಕ್ಕಡಿಯ ಅಂಕಿಯನ್ನೇ ನೋಡುತ್ತಿದ್ದಳು. "ಎರಡನೇ ದಿನದ ಬಸ್ಸಿಗೆ. ನಿನಗೆ ಹೇಳಿರಲಿಲ್ಲ. ಕಾಲು ಉಳುಕಿತು ಅಂತ ಹೇಳೋಣ ಅಂತಿದ್ದೆ. ಎಡಗಾಲು."

ಬೈಗುಳಕ್ಕೆ ಕಾದಳು. ತಂಗಿ ಮುದ್ದೆಯನ್ನು ಅಂಗೈಯಲ್ಲಿಟ್ಟು, "ಕುಂಟಿ ತೋರಿಸು," ಎಂದಳು.

"ಏನು?"

"ಹೇಗೆ ಕುಂಟ್ತಿದ್ದೆ ತೋರಿಸೇ."

ಅವಳು ಎರಡು ಹೆಜ್ಜೆ ಕುಂಟಿದಳು, ಮುಖ ಕಿವುಚಿ ನಿಂತಳು. ತಂಗಿ ತಲೆಯಾಡಿಸಿದಳು. "ಥೂ, ಯಾರೂ ನಂಬಲ್ಲ. ನಾನು ಬಲಗಾಲು ಹಿಡ್ಕೊಂಡಿದ್ದೆ. ಕಣ್ಣಲ್ಲಿ ನೀರೂ ಬಂದಿತ್ತು. ಇದೇ ಬಸ್ಸು ಕಣೇ. ಮೂರೂ ಇಪ್ಪತ್ತು. ಗುಂಪಿನವರೆಲ್ಲ ಪಾಪ ಅಂತ ಹತ್ತಿಸಿ ಕಳಿಸಿದ್ರು. ಇಳಿದು ನೇರ ಇಲ್ಲಿಗೇ ಬಂದೆ, ನಿನ್ನ ಮುಂದೆ ಕೂತು ಅಳೋಣ ಅಂತ. ನೀನು ಕುರ್ಚಿ ತೋರಿಸಿದೆ."

ಅವಳಿಗೆ ಕೂರಬೇಕೆನಿಸಿತು. ಕೋಣೆಯಲ್ಲಿ ಕುರ್ಚಿಯಿರಲಿಲ್ಲ.

"ಎಂಥ ಸಿಟ್ಟು ಬಂತು ಗೊತ್ತಾ? ಆ ಸಿಟ್ಟಿಗೇ ಮುಂದಿನ ವಾರ ಒಬ್ಬಳೇ ಹೋಗಿ ಪೂರ್ತಿ ನಡೆದೆ. ನೀನು ಅವತ್ತು ಒಳಗೆ ಬಿಟ್ಟು, ಬೆನ್ನು ಸವರಿ, ಪರವಾಗಿಲ್ಲ ಬಿಡು ಅಂದಿದ್ರೆ ನಾನು ಇವತ್ತಿಗೂ ಲಿಫ್ಟಲ್ಲೇ ಇರ್ತಿದ್ದೆ."

ಹನ್ನೆರಡು ವರ್ಷ ಒಂದು ತಪ್ಪನ್ನು ಜೋಪಾನವಾಗಿ ಕಾಯ್ದುಕೊಂಡು ಬಂದವಳಿಗೆ, ಅದರ ಒಡತಿಯೇ ಬಂದು ಅದು ನನಗೆ ಬೇಡ ಎಂದರೆ ಏನು ಮಾಡುವುದೆಂದು ತಿಳಿಯಲಿಲ್ಲ. ನಗು ಬರುತ್ತಿತ್ತು, ಸ್ವಲ್ಪ ಮೋಸಹೋದಂತೆಯೂ ಆಗುತ್ತಿತ್ತು. "ಹಾಗಾದ್ರೆ ಈ ಹತ್ತು ಕಿಲೋ?" ಎಂದಳು.

"ಅದಾ?" ತಂಗಿ ಒದ್ದೆ ತೋಳಿನಿಂದ ಮೂಗೊರೆಸಿಕೊಂಡಳು. "ಲಿಫ್ಟಲ್ಲಿ ಇಷ್ಟೇ ಜನ ಅಂತ ಬರೆದಿರ್ತೀವಲ್ಲ, ಹಾಗೆ. ಹತ್ತೋಕೆ ಮನಸ್ಸಿಲ್ಲದವರಿಗೆ ಇಳಿಯೋಕೆ ಒಂದು ನೆಪ ಇರಲಿ ಅಂತ. ಮೂರು ದಿನದಿಂದ ನಿನ್ನ ದನಿ ಸರಿ ಇರಲಿಲ್ಲ. ಭಾವನೂ ಫೋನು ಮಾಡಿದ್ರು, ಬೂಟಿಲ್ಲದೆ ಬೂಟು ಪಳಗಿಸ್ತಿದಾಳೆ ಅಂತ." ತಕ್ಕಡಿಯ ಕಡೆ ಗಲ್ಲ ತೋರಿಸಿದಳು. "ಹತ್ತು ದಾಟಿದೆ. ಬೇಡ ಅಂದ್ರೆ ನಾನು ಬೇಜಾರು ಮಾಡ್ಕೊಳಲ್ಲ."

"ದಾಟಿದೆ," ಎಂದು ಅವಳೂ ಒಪ್ಪಿದಳು. ಇನ್ನೂರ ಮೂವತ್ತಾರು ಗ್ರಾಂ, ಇದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಹೊರಗೆ ಕಟ್ಟಡದ ಮೇಲೆ ಮಳೆ ಬೀಳುತ್ತಿರುವುದು ತೆರೆದ ಬಾಗಿಲಿನಿಂದ ಕೇಳುತ್ತಿತ್ತು. ಈ ಕೋಣೆಯಲ್ಲಿ ನಿಂತು ಆ ಸದ್ದು ಕೇಳಿದ್ದು ಇದೇ ಮೊದಲು. "ಬರ್ತೀನಿ."

"ಟಿಕೆಟ್ಟು?"

"ಬಿಸಾಕು."

"ಹಾಗಾದ್ರೆ ಆ ಇನ್ನೂರ ಮೂವತ್ತಾರು ಗ್ರಾಂ ನಾನು ಹೊರ್ತೀನಿ," ಎಂದು ತಂಗಿ ಒಣಹಣ್ಣಿನ ಪೊಟ್ಟಣ ತೆಗೆದು ತನ್ನ ಜೇಬಿಗೆ ಹಾಕಿಕೊಂಡಳು. ಬಾಗಿಲು ದಾಟುವ ಮೊದಲೇ ಅದನ್ನು ಹಲ್ಲಿನಿಂದ ಹರಿದು ತಿನ್ನತೊಡಗಿದಳು. "ಹೊರೆ ಹೊರೋಕೆ ಇದೇ ಸುಲಭದ ದಾರಿ. ಬೇಗ ಬಾರೇ, ಮಳೆ ನಿಲ್ಲೋ ಅಷ್ಟರಲ್ಲಿ ಹೋಗೋಣ."

"ನಿಂತ ಮೇಲೆ ಹೋಗೋದಲ್ವಾ?"

"ನಾಳೆಗೆ ಅಭ್ಯಾಸ ಬೇಡ್ವಾ?"

ಅವಳು ಚೀಲವನ್ನು ಬೆನ್ನಿಗೇರಿಸಿದಳು. ಭುಜದ ಪಟ್ಟಿಗಳಿಂದ ತಣ್ಣನೆಯ ನೀರು ಬೆನ್ನಿನುದ್ದ ಇಳಿಯಿತು. ಕೆಂಪು ದೀಪ ಇನ್ನೂ ಉರಿಯುತ್ತಿತ್ತು, ನೆಲದ ಮೇಲೆ ಎರಡು ಜೊತೆ ಹೆಜ್ಜೆಗಳಿದ್ದವು. ಐದು ಗಂಟೆಯ ಅಂಕಿಗಳನ್ನು ಬರೆಯಲು ಹತ್ತು ನಿಮಿಷ ಬಾಕಿಯಿತ್ತು. ಅವಳು ನಿಂತು ಕಾದಳು, ತಂಗಿ ಹೊರಗಿನಿಂದ ಎರಡು ಸಲ ಕೂಗಿದರೂ. ಐದಾಯಿತು. ದಾಖಲೆ ಪುಸ್ತಕ ತೆರೆದು, ತಾಪ ಇಪ್ಪತ್ತು ಪಾಯಿಂಟ್ ನಾಲ್ಕು ಎಂದು ಬರೆದಳು. 'ವಿಶೇಷ' ಎಂಬಲ್ಲಿ 'ತಂಗಿ ಒಳಗೆ ಬಂದಿದ್ದಳು' ಎಂದು ಬರೆದು, ಅಳಿಸಲಿಲ್ಲ. ಗಾಳಿಯ ತೇವ, ಶೇಕಡಾ ಅರವತ್ತೊಂದು ಪಾಯಿಂಟ್ ಮೂರು.